ಹೆಣ್ಣುಮಕ್ಕಳಲ್ಲಿ ಎ.ಡಿ.ಎಚ್.ಡಿ.: ಕಣ್ಣಿಗೆ ಬೀಳದ ತೊಂದರೆ

(ಸಂಘದ ವಾರ್ಷಿಕ ಸಭೆಯಲ್ಲಿ ಪೋಷಕರು ಹಾಗೂ ವಿದ್ಯಾರ್ಥಿಗಳನ್ನು ಉದ್ದೇಶಿಸಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ವೇದಿಕೆಗಳಲ್ಲಿ ಸಾಮಾನ್ಯವಾಗಿ ಫಲಿತಾಂಶ, ಪ್ರತಿಭಾ ಪುರಸ್ಕಾರ, ವಿದ್ಯಾರ್ಥಿವೇತನ ಇವುಗಳ ಬಗ್ಗೆ ಮಾತು ನಡೆಯುತ್ತದೆ. ಬಹುಮಾನ ಪಡೆದ ಹೆಣ್ಣುಮಕ್ಕಳನ್ನು ನೋಡಿ ನಾವೆಲ್ಲ ಸಂತೋಷಪಡುತ್ತೇವೆ, ಪಡಲೇಬೇಕು. ಆದರೆ ಇಂದು ನಾನು ಮಾತನಾಡಬಯಸುವುದು ಆ ಪಟ್ಟಿಯಲ್ಲಿ ಹೆಸರಿಲ್ಲದ ಒಬ್ಬ ಹುಡುಗಿಯ ಬಗ್ಗೆ. ಇಂಥವಳು ಪ್ರತಿಯೊಂದು ಶಾಲೆಯಲ್ಲೂ ಇರುತ್ತಾಳೆ. ಅವಳು ದಡ್ಡಿಯಲ್ಲ, ತುಂಟಿಯೂ ಅಲ್ಲ. ಐದನೇ ತರಗತಿಯವರೆಗೆ ಚೆನ್ನಾಗಿಯೇ ಓದುತ್ತಿದ್ದಳು. ಎಂಟನೇ ತರಗತಿಗೆ ಬರುವಾಗ ಅಂಕಗಳು ಇಳಿಯತೊಡಗಿದವು. ಹತ್ತನೆಯ ತರಗತಿಯ ಹೊತ್ತಿಗೆ ಮನೆಯವರು ಒಂದು ತೀರ್ಮಾನಕ್ಕೆ ಬಂದುಬಿಡುತ್ತಾರೆ: "ಇವಳಿಗೆ ಓದು ಹತ್ತುವುದಿಲ್ಲ. ಸುಮ್ಮನೆ ಯಾಕೆ ಕಳಿಸುವುದು?"

ಈ ತೀರ್ಮಾನಕ್ಕೆ ಬರುವ ಮೊದಲು ನಾವು ಕೇಳಬೇಕಾದ ಒಂದು ಪ್ರಶ್ನೆ ಇದೆ. ಇವಳ ಮನಸ್ಸಿನ ಗಮನ ಯಾಕೆ ನಿಲ್ಲುತ್ತಿಲ್ಲ ಎಂಬುದೇ ಆ ಪ್ರಶ್ನೆ. ಉತ್ತರ ಕೆಲವೊಮ್ಮೆ ಎ.ಡಿ.ಎಚ್.ಡಿ. ಎಂಬ ನಾಲ್ಕಕ್ಷರದ ತೊಂದರೆಯಾಗಿರಬಹುದು. ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ, ವೈದ್ಯಳಲ್ಲ. ಆದ್ದರಿಂದ ಚಿಕಿತ್ಸೆ ಹೇಳುವ ಅಧಿಕಾರ ನನಗಿಲ್ಲ. ಆದರೆ ದಿನಕ್ಕೆ ಐದಾರು ಗಂಟೆ ಮಕ್ಕಳ ಮುಖ ನೋಡುವವರು ಶಿಕ್ಷಕರು. ತೊಂದರೆಯನ್ನು ಮೊದಲು ಗುರುತಿಸಿ ದಾರಿ ತೋರಿಸುವ ಕೆಲಸ ನಮ್ಮದೇ.

ಏನಿದು ಎ.ಡಿ.ಎಚ್.ಡಿ.?

ಕನ್ನಡದಲ್ಲಿ ಇದನ್ನು ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಎನ್ನಬಹುದು. ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ ಈ ತೊಂದರೆ ಬಾಲ್ಯದಲ್ಲೇ ಶುರುವಾಗುತ್ತದೆ. ಇದರಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಗಮನಕ್ಕೆ ಸಂಬಂಧಿಸಿದ್ದು: ಮನಸ್ಸನ್ನು ಒಂದು ಕೆಲಸದ ಮೇಲೆ ನಿಲ್ಲಿಸಲಾಗದಿರುವುದು, ಮರೆಯುವುದು, ವಸ್ತುಗಳನ್ನು ಕಳೆದುಕೊಳ್ಳುವುದು, ಆರಂಭಿಸಿದ್ದನ್ನು ಮುಗಿಸದಿರುವುದು, ಹೊತ್ತಿನ ಅಂದಾಜು ಸಿಗದಿರುವುದು. ಎರಡನೆಯದು ಚಟುವಟಿಕೆಗೆ ಸಂಬಂಧಿಸಿದ್ದು: ಕೂತಲ್ಲಿ ಕೂರಲಾಗದಿರುವುದು, ಸರದಿ ಕಾಯಲಾಗದಿರುವುದು, ಯೋಚಿಸುವ ಮೊದಲೇ ಮಾತನಾಡಿಬಿಡುವುದು. ಕೆಲವರಲ್ಲಿ ಮೊದಲನೆಯ ಭಾಗ ಮಾತ್ರ ಇರುತ್ತದೆ, ಕೆಲವರಲ್ಲಿ ಎರಡನೆಯದು, ಇನ್ನು ಕೆಲವರಲ್ಲಿ ಎರಡೂ ಇರುತ್ತವೆ.

ಇದು ವಂಶವಾಹಿಗಳ ಮೂಲಕ ಬರುವುದು ಹೆಚ್ಚು. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೆ ಮಕ್ಕಳಲ್ಲಿ ಕಾಣಿಸಿಕೊಳ್ಳುವ ಸಾಧ್ಯತೆ ಜಾಸ್ತಿ. ತಾಯಿ ಮುದ್ದು ಮಾಡಿ ಕೆಡಿಸಿದ್ದರಿಂದ ಬರುವುದಲ್ಲ. ದೃಷ್ಟಿ ತಗುಲಿದ್ದರಿಂದಲೂ ಬರುವುದಲ್ಲ. ಬುದ್ಧಿಮಾಂದ್ಯತೆಯಂತೂ ಖಂಡಿತ ಅಲ್ಲ.

ಎರಡು ಭಾಷೆ ಕಲಿಸುವವಳಾದ್ದರಿಂದ ಇಲ್ಲಿ ಎರಡು ಶಬ್ದಗಳನ್ನು ನಿಮ್ಮ ಮುಂದಿಡುತ್ತೇನೆ. ಉರ್ದುವಿನಲ್ಲಿ ಗಮನಕ್ಕೆ 'ತವಜ್ಜುಹ್' ಎನ್ನುತ್ತೇವೆ. ಮುಖ ಎಂಬ ಅರ್ಥದ ಅರಬ್ಬಿ ಮೂಲದಿಂದ ಬಂದ ಶಬ್ದ ಅದು. ಒಂದು ಕಡೆಗೆ ಮುಖ ತಿರುಗಿಸುವುದೇ ತವಜ್ಜುಹ್. ಕನ್ನಡದ 'ಗಮನ' ಸಂಸ್ಕೃತದಿಂದ ಬಂದದ್ದು. ಅದರ ಮೂಲ ಅರ್ಥ ಹೋಗುವುದು, ಚಲಿಸುವುದು. ಈಗ ತರಗತಿಯ ಮೂರನೇ ಬೆಂಚಿನಲ್ಲಿರುವ ಹುಡುಗಿಯನ್ನು ನೋಡಿ. ಅವಳ ಮುಖ ಕಪ್ಪುಹಲಗೆಯ ಕಡೆಗೇ ಇದೆ. ಕಣ್ಣು ಕೂಡ ಅಲ್ಲೇ ಇದೆ. ಮನಸ್ಸು ಮಾತ್ರ ಎಲ್ಲಿಗೋ ಹೋಗಿದೆ. ಮುಖ ನೋಡಿ ಅಳೆಯುವ ಶಿಕ್ಷಕರಿಗೆ ಅವಳು ಒಳ್ಳೆಯ ವಿದ್ಯಾರ್ಥಿನಿಯಾಗಿ ಕಾಣುತ್ತಾಳೆ. ಹೆಣ್ಣುಮಕ್ಕಳ ಎ.ಡಿ.ಎಚ್.ಡಿ. ನಮ್ಮ ಕಣ್ಣು ತಪ್ಪಿಸುವುದು ಹೀಗೆ.

ಹುಡುಗರನ್ನು ನೋಡಿ ಬರೆದ ಲಕ್ಷಣಗಳು

ಈ ತೊಂದರೆಯ ಇತಿಹಾಸವನ್ನು ಸ್ವಲ್ಪ ನೋಡೋಣ. ಜರ್ಮನಿಯ ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಖ್ ಹಾಫ್‌ಮನ್ 1840ರ ದಶಕದಲ್ಲಿ ಮಕ್ಕಳಿಗಾಗಿ ಚಿತ್ರಕಥೆಗಳ ಪುಸ್ತಕವೊಂದನ್ನು ಬರೆದರು. ಅದರಲ್ಲಿ ಊಟದ ಮೇಜಿನ ಮುಂದೆ ಸುಮ್ಮನೆ ಕೂರಲಾರದ ಫಿಲಿಪ್ ಎಂಬ ಹುಡುಗ ಬರುತ್ತಾನೆ. ಆಕಾಶ ನೋಡುತ್ತಾ ನಡೆದು ನೀರಿಗೆ ಬೀಳುವ ಹಾನ್ಸ್ ಎಂಬ ಇನ್ನೊಬ್ಬ ಹುಡುಗನೂ ಬರುತ್ತಾನೆ. ಅತಿಚಟುವಟಿಕೆ ಮತ್ತು ಗಮನ ಕೊರತೆ, ಎರಡಕ್ಕೂ ಇವರನ್ನು ಉದಾಹರಣೆಯಾಗಿ ಕೊಡುವುದುಂಟು. ಇಬ್ಬರೂ ಗಂಡುಮಕ್ಕಳು ಎಂಬುದನ್ನು ಗಮನಿಸಿ.

1902ರಲ್ಲಿ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಜಿಶಿಯನ್ಸ್‌ನಲ್ಲಿ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅವರು ಉಪನ್ಯಾಸಗಳನ್ನು ನೀಡಿದರು. ಬುದ್ಧಿ ಚೆನ್ನಾಗಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾರದ ಮಕ್ಕಳ ಬಗ್ಗೆ ಅವರು ಮಾತನಾಡಿದರು. ಅವರು ವಿವರಿಸಿದವರಲ್ಲಿಯೂ ಗಂಡುಮಕ್ಕಳೇ ಹೆಚ್ಚು.

ಅಮೆರಿಕದ ಮನೋವೈದ್ಯರ ಸಂಘ ರೋಗನಿರ್ಣಯಕ್ಕಾಗಿ ಒಂದು ಕೈಪಿಡಿಯನ್ನು ಪ್ರಕಟಿಸುತ್ತದೆ. ಅದರ 1968ರ ಆವೃತ್ತಿಯಲ್ಲಿ ಈ ತೊಂದರೆಯ ಹೆಸರಿನಲ್ಲಿ ಅತಿಚಟುವಟಿಕೆ ಮಾತ್ರ ಇತ್ತು, ಗಮನದ ಹೆಸರೇ ಇರಲಿಲ್ಲ. ಓಡಾಡುವ, ಕುಣಿದಾಡುವ ಮಗುವಿಗೆ ಮಾತ್ರ ಅದು ಅನ್ವಯಿಸುವಂತಿತ್ತು. 1980ರ ಆವೃತ್ತಿಯಲ್ಲಿ ಮೊದಲ ಬಾರಿಗೆ ಗಮನ ಕೊರತೆಗೆ ಮುಖ್ಯ ಸ್ಥಾನ ಸಿಕ್ಕಿತು. ಅತಿಚಟುವಟಿಕೆ ಇಲ್ಲದೆಯೂ ಗಮನ ಕೊರತೆ ಇರಬಹುದೆಂದು ಒಪ್ಪಿಕೊಳ್ಳಲಾಯಿತು. 1987ರಲ್ಲಿ ಇಂದಿನ ಹೆಸರು ಬಂತು. 1994ರಲ್ಲಿ ಮೂರು ವಿಧಗಳನ್ನು ಹೇಳಲಾಯಿತು.

1994ರ ನಿಯಮದಂತೆ ಕೆಲವು ಲಕ್ಷಣಗಳಾದರೂ ಏಳು ವರ್ಷದೊಳಗೆ ತೊಂದರೆ ಕೊಟ್ಟಿರಬೇಕಿತ್ತು. ಏಳು ವರ್ಷದ ಹುಡುಗ ಬೆಂಚು ಹತ್ತಿ ಕುಣಿದರೆ ಎಲ್ಲರಿಗೂ ಕಾಣುತ್ತದೆ. ಏಳು ವರ್ಷದ ಹುಡುಗಿ ಕಿಟಕಿಯಾಚೆ ನೋಡುತ್ತಾ ಕೂತರೆ ಯಾರಿಗೆ ಕಾಣುತ್ತದೆ? ಅವಳ ಕಷ್ಟ ಹೊರಗೆ ಬರುವುದು ಪಾಠದ ಹೊರೆ ಹೆಚ್ಚಾದ ಮೇಲೆ. 2013ರ ಆವೃತ್ತಿಯಲ್ಲಿ ಈ ವಯೋಮಿತಿಯನ್ನು ಹನ್ನೆರಡಕ್ಕೆ ಏರಿಸಿದರು. ಹದಿನೇಳು ದಾಟಿದವರಿಗೆ ಬೇಕಾದ ಲಕ್ಷಣಗಳ ಸಂಖ್ಯೆಯನ್ನು ಆರರಿಂದ ಐದಕ್ಕೆ ಇಳಿಸಿದರು. ತಡವಾಗಿ ಕಾಣಿಸಿಕೊಳ್ಳುವ ಹೆಣ್ಣುಮಕ್ಕಳಿಗೆ ಇದರಿಂದ ಬಾಗಿಲು ಸ್ವಲ್ಪ ತೆರೆಯಿತು.

ಲೆಕ್ಕ ಏನು ಹೇಳುತ್ತದೆ?

ಅದೇ 2013ರ ಕೈಪಿಡಿಯ ಪ್ರಕಾರ ಮಕ್ಕಳಲ್ಲಿ ನೂರಕ್ಕೆ ಸುಮಾರು 5 ಮಂದಿಗೆ, ವಯಸ್ಕರಲ್ಲಿ ನೂರಕ್ಕೆ ಸುಮಾರು 2.5 ಮಂದಿಗೆ ಈ ತೊಂದರೆ ಇದೆ. ಮಕ್ಕಳಲ್ಲಿ ಇಬ್ಬರು ಹುಡುಗರಿಗೆ ಒಬ್ಬ ಹುಡುಗಿ. ವಯಸ್ಕರಲ್ಲಿ ಈ ಅಂತರ ಕಡಿಮೆಯಾಗಿ 1.6 ಪುರುಷರಿಗೆ ಒಬ್ಬ ಮಹಿಳೆ ಎಂಬಷ್ಟಾಗುತ್ತದೆ. ಅಂತರ ಕಡಿಮೆಯಾಗಲು ಒಂದು ಮುಖ್ಯ ಕಾರಣ, ಚಿಕ್ಕಂದಿನಲ್ಲಿ ಯಾರೂ ಗುರುತಿಸದ ಹುಡುಗಿಯರು ದೊಡ್ಡವರಾದ ಮೇಲೆ ತಾವಾಗಿಯೇ ವೈದ್ಯರ ಬಳಿ ಹೋಗುವುದು ಎಂದು ತಜ್ಞರು ಹೇಳುತ್ತಾರೆ.

ನಮ್ಮ ಪಕ್ಕದ ಕೊಯಮತ್ತೂರಿನಲ್ಲಿ ಪ್ರಾಥಮಿಕ ಶಾಲೆಯ 770 ಮಕ್ಕಳ ಮೇಲೆ ನಡೆಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ 11.32 ಮಕ್ಕಳಲ್ಲಿ ಈ ತೊಂದರೆ ಕಂಡುಬಂತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಗಂಡುಮಕ್ಕಳು, ಒಂದು ಪಾಲು ಹೆಣ್ಣುಮಕ್ಕಳು. ಅಂದರೆ ಹುಡುಕಿದರೆ ಹುಡುಗಿಯರೂ ಸಿಗುತ್ತಾರೆ.

ಹಾಗಿದ್ದರೆ ಆಸ್ಪತ್ರೆಗೆ ಯಾಕೆ ಹೆಚ್ಚಾಗಿ ಹುಡುಗರನ್ನೇ ಕರೆತರುತ್ತಾರೆ? ಇದಕ್ಕೆ ನಮ್ಮ ವೃತ್ತಿಯವರೇ ಸ್ವಲ್ಪ ಯೋಚಿಸಬೇಕಾದ ಒಂದು ಅಧ್ಯಯನ ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾಯಿತು. ಪ್ರಾಥಮಿಕ ಶಾಲಾ ಶಿಕ್ಷಕರಿಗೆ ಮಕ್ಕಳ ವರ್ತನೆಯ ವಿವರಣೆಗಳನ್ನು ಓದಲು ಕೊಟ್ಟರು. ಲಕ್ಷಣಗಳು ಅವೇ, ಕೆಲವರಿಗೆ ಅದು ಹುಡುಗನೆಂದೂ ಕೆಲವರಿಗೆ ಹುಡುಗಿಯೆಂದೂ ಬರೆದಿತ್ತು. ಈ ಮಗುವನ್ನು ತಜ್ಞರ ಬಳಿ ಕಳಿಸುತ್ತೀರಾ ಎಂದು ಕೇಳಿದಾಗ, ಹುಡುಗನನ್ನು ಕಳಿಸುತ್ತೇವೆ ಎಂದವರೇ ಹೆಚ್ಚು. ತರಗತಿಗೆ ತೊಂದರೆ ಕೊಡುವ ಮಗುವನ್ನು ನಾವು ಬೇಗ ಗುರುತಿಸುತ್ತೇವೆ. ತನಗೆ ತಾನೇ ತೊಂದರೆ ಅನುಭವಿಸುವ ಮಗು ಹಿಂದೆ ಉಳಿದುಬಿಡುತ್ತದೆ.

ಹುಡುಗಿಯರಲ್ಲಿ ಹೇಗೆ ಕಾಣುತ್ತದೆ?

ಹುಡುಗಿಯರಲ್ಲಿ ಗಮನ ಕೊರತೆಯ ವಿಧವೇ ಹೆಚ್ಚಾಗಿ ಕಂಡುಬರುತ್ತದೆ. ಅತಿಚಟುವಟಿಕೆ ಇದ್ದರೂ ಅದು ಕಾಲಿನಲ್ಲಿ ಇರುವುದಕ್ಕಿಂತ ನಾಲಿಗೆಯಲ್ಲಿ, ಬೆರಳಿನಲ್ಲಿ ಇರುತ್ತದೆ. ಬಿಡುವಿಲ್ಲದೆ ಮಾತು, ದುಪಟ್ಟಾದ ಅಂಚನ್ನು ಸುತ್ತುವುದು, ಉಗುರು ಕಚ್ಚುವುದು, ಪುಸ್ತಕದ ಅಂಚಿನಲ್ಲಿ ಹೂವು ಬಿಡಿಸುವುದು. ಇದನ್ನೆಲ್ಲ ನಾವು "ಹೆಣ್ಣುಮಕ್ಕಳು ಹಾಗೇನೇ" ಎಂದು ಬಿಟ್ಟುಬಿಡುತ್ತೇವೆ.

ಬರವಣಿಗೆಯಲ್ಲೂ ಗುರುತುಗಳು ಸಿಗುತ್ತವೆ. ಉರ್ದುವಿನಲ್ಲಿ ಬೇ, ಪೇ, ತೇ, ಸೇ ಅಕ್ಷರಗಳ ಆಕಾರ ಒಂದೇ. ನುಕ್ತೆಗಳು ಮಾತ್ರ ಬೇರೆ: ಕೆಳಗೆ ಒಂದು, ಕೆಳಗೆ ಮೂರು, ಮೇಲೆ ಎರಡು, ಮೇಲೆ ಮೂರು. ಪದವನ್ನು ಬರೆದ ಮೇಲೆ ಹಿಂದಕ್ಕೆ ಬಂದು ನುಕ್ತೆ ಇಡಬೇಕು. ಆ ಹಿಂದಕ್ಕೆ ಬರುವ ಹೊತ್ತಿಗೆ ಈ ಹುಡುಗಿಯ ಮನಸ್ಸು ಮುಂದಿನ ವಾಕ್ಯಕ್ಕೆ ಹಾರಿರುತ್ತದೆ. ಕನ್ನಡದಲ್ಲಿ ಒತ್ತಕ್ಷರ, ದೀರ್ಘ ಬಿಟ್ಟುಹೋಗುತ್ತವೆ. ಕೇಳಿದರೆ ಸರಿಯಾದ ಉತ್ತರ ಹೇಳುತ್ತಾಳೆ. ನಿಯಮ ಗೊತ್ತಿದೆ, ಬರೆಯುವಾಗ ಜಾರಿಹೋಗಿದೆ. ಒಂದು ದಿನ ಹತ್ತಕ್ಕೆ ಒಂಬತ್ತು, ಮರುದಿನ ಹತ್ತಕ್ಕೆ ಮೂರು. ನಿಯಮವೇ ಗೊತ್ತಿಲ್ಲದ ಮಗುವಿನ ತಪ್ಪು ಬಹುಮಟ್ಟಿಗೆ ಪ್ರತಿದಿನ ಒಂದೇ ರೀತಿ ಇರುತ್ತದೆ. ಇವಳ ತಪ್ಪು ದಿನಕ್ಕೊಂದು ಬಗೆ. ಆದರೆ ಇಲ್ಲಿ ಎಚ್ಚರಿಕೆ ಬೇಕು. ಅಕ್ಷರ ತಪ್ಪುವುದಕ್ಕೆ ಡಿಸ್ಲೆಕ್ಸಿಯಾ ಎಂಬ ಕಲಿಕಾ ನ್ಯೂನತೆಯೂ ಕಾರಣವಾಗಬಹುದು, ಎರಡೂ ಒಟ್ಟಿಗೆ ಇರಲೂಬಹುದು. ಅದನ್ನು ತಜ್ಞರೇ ಹೇಳಬೇಕು.

ಇನ್ನೊಂದು ಮುಖ್ಯ ವಿಷಯ ಮುಚ್ಚಿಡುವಿಕೆ. ಹುಡುಗ ಮರೆತರೆ "ಗಂಡುಹುಡುಗ, ಮರೆತಿರುತ್ತಾನೆ" ಎಂಬ ವಿನಾಯಿತಿ ಸಿಗುತ್ತದೆ. ಹುಡುಗಿ ಮರೆತರೆ "ಲಾಪರ್ವಾ, ಬೇಜವಾಬ್ದಾರಿ, ನಾಳೆ ಗಂಡನ ಮನೆಯಲ್ಲಿ ಏನು ಮಾಡುತ್ತೀಯ?" ಎಂಬ ಮಾತು ಬರುತ್ತದೆ. ಹತ್ತು ವರ್ಷದ ಹುಡುಗಿಗೆ ಇದು ದಿನಕ್ಕೆ ನಾಲ್ಕು ಸಲ ಕೇಳಿಸಿದರೆ ಅವಳು ಏನು ಮಾಡುತ್ತಾಳೆ? ಮರೆವನ್ನು ಬಿಡಲು ಅವಳಿಂದ ಆಗುವುದಿಲ್ಲ, ಮುಚ್ಚಿಡಲು ಕಲಿಯುತ್ತಾಳೆ. ಚೀಲವನ್ನು ಹತ್ತು ಸಲ ನೋಡುತ್ತಾಳೆ. ಗೆಳತಿಯ ಪುಸ್ತಕ ನೋಡಿ ನೋಟ್ಸ್ ಬರೆಯುತ್ತಾಳೆ. ಬೇರೆಯವರು ಒಂದು ಗಂಟೆಯಲ್ಲಿ ಮುಗಿಸುವುದನ್ನು ರಾತ್ರಿ ಹನ್ನೊಂದರವರೆಗೆ ಕೂತು ಮುಗಿಸುತ್ತಾಳೆ. ಅಂಕ ಬರುತ್ತದೆ, ಆದ್ದರಿಂದ ತೊಂದರೆ ಇದೆ ಎಂದು ಯಾರಿಗೂ ಅನ್ನಿಸುವುದಿಲ್ಲ. ಅದಕ್ಕೆ ಅವಳು ಕೊಟ್ಟ ಬೆಲೆ ಮಾತ್ರ ಅಂಕಪಟ್ಟಿಯಲ್ಲಿ ಬರುವುದಿಲ್ಲ.

ಈ ಮುಚ್ಚಿಡುವಿಕೆ ಎಲ್ಲಿಯವರೆಗೆ ನಡೆದೀತು? ಮನೆಯಲ್ಲಿ ಅಮ್ಮಿ ಹೊತ್ತು ಹೊತ್ತಿಗೆ ಎಬ್ಬಿಸಿ, ಡಬ್ಬಿ ಕಟ್ಟಿ, ಪುಸ್ತಕ ನೆನಪಿಸುವವರೆಗೆ ನಡೆಯುತ್ತದೆ. ಪ್ರೌಢಶಾಲೆಯಲ್ಲಿ ವಿಷಯಕ್ಕೊಬ್ಬ ಶಿಕ್ಷಕರು, ಪಿ.ಯು.ಸಿ.ಯಲ್ಲಿ ದೊಡ್ಡ ಪಠ್ಯ, ಹಾಸ್ಟೆಲಿನಲ್ಲಿ ತಾನೇ ಎಲ್ಲವನ್ನೂ ನೋಡಿಕೊಳ್ಳಬೇಕಾದ ಸ್ಥಿತಿ ಬಂದಾಗ ಆಸರೆ ಕಳಚುತ್ತದೆ. ಆಗ ಒಮ್ಮೆಗೇ ಕುಸಿಯುತ್ತಾಳೆ. "ಇಷ್ಟು ದಿನ ಚೆನ್ನಾಗಿದ್ದಳು, ಈಗ ಏನಾಯಿತು? ಮೊಬೈಲಿನಿಂದ ಹಾಳಾದಳು" ಎಂದು ನಾವು ಹೇಳುತ್ತೇವೆ.

ದೇಹದ ಬದಲಾವಣೆಗಳ ಪಾತ್ರ

ತಾಯಂದಿರು ಈ ಮಾತನ್ನು ವಿಶೇಷವಾಗಿ ಕೇಳಬೇಕು. ಗಮನವನ್ನು ನಿಲ್ಲಿಸುವ ಕೆಲಸದಲ್ಲಿ ಮಿದುಳಿನ ಡೋಪಮಿನ್ ಎಂಬ ರಾಸಾಯನಿಕಕ್ಕೆ ದೊಡ್ಡ ಪಾತ್ರವಿದೆ. ಹೆಣ್ಣಿನ ದೇಹದ ಈಸ್ಟ್ರೋಜನ್ ಹಾರ್ಮೋನು ಡೋಪಮಿನ್ನಿನ ಕೆಲಸಕ್ಕೆ ನೆರವಾಗುತ್ತದೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಈಸ್ಟ್ರೋಜನ್ ಇಳಿಯುತ್ತದೆ. ಆ ದಿನಗಳಲ್ಲಿ ಮರೆವು, ಸಿಟ್ಟು, ಅಳು, ಗೊಂದಲ ಹೆಚ್ಚುತ್ತವೆ ಎಂದು ಈ ತೊಂದರೆ ಇರುವ ಅನೇಕ ಮಹಿಳೆಯರು ಹೇಳುತ್ತಾರೆ. ಹೆರಿಗೆಯ ನಂತರವೂ, ನಲವತ್ತೈದು ಐವತ್ತರ ಆಸುಪಾಸಿನಲ್ಲಿ ಮುಟ್ಟು ನಿಲ್ಲುವ ಕಾಲದಲ್ಲಿಯೂ ಈಸ್ಟ್ರೋಜನ್ ಇಳಿಯುತ್ತದೆ. ಆಗಲೂ ತೊಂದರೆ ಹೆಚ್ಚಬಹುದು. ಹುಡುಗರನ್ನು ಮಾತ್ರ ಅಭ್ಯಸಿಸಿದ ಕಾಲದಲ್ಲಿ ಈ ವಿಷಯ ಹೊಳೆಯುವ ಸಾಧ್ಯತೆಯೇ ಇರಲಿಲ್ಲ. ಈ ಬಗ್ಗೆ ಸಂಶೋಧನೆ ಶುರುವಾದದ್ದು ಇತ್ತೀಚೆಗೆ.

ದೊಡ್ಡವರಾದ ಮೇಲೆ

ಹಿಂದೆ ಈ ತೊಂದರೆ ವಯಸ್ಸಾದಂತೆ ತಾನಾಗಿ ಹೋಗುತ್ತದೆ ಎಂದು ನಂಬಿದ್ದರು. ಈಗ ಹಾಗಲ್ಲವೆಂದು ತಿಳಿದಿದೆ. ಅನೇಕರಲ್ಲಿ ಇದು ಬೇರೆ ರೂಪದಲ್ಲಿ ಮುಂದುವರಿಯುತ್ತದೆ.

ಮನೆ ನಡೆಸುವ ಕೆಲಸವನ್ನು ಒಮ್ಮೆ ಯೋಚಿಸಿ ನೋಡಿ. ಒಲೆಯ ಮೇಲೆ ಹಾಲು, ಇನ್ನೊಂದರಲ್ಲಿ ಸಾಲನ್, ಮಗುವಿನ ಸ್ಕೂಲ್ ವ್ಯಾನ್, ಅತ್ತೆಯ ಮಾತ್ರೆ, ಬಾಗಿಲಲ್ಲಿ ಬಂದ ನೆಂಟರು. ಹೊತ್ತು ಅಳೆಯುವುದು, ನೆನಪಿಡುವುದು, ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಿ ಮತ್ತೆ ಹಿಂದಿರುಗುವುದು. ಎ.ಡಿ.ಎಚ್.ಡಿ. ಇರುವವರಿಗೆ ಯಾವುದು ಕಷ್ಟವೋ ಅದರಿಂದಲೇ ಈ ಕೆಲಸ ತುಂಬಿದೆ. ಗಂಡಸು ಕಚೇರಿಯಲ್ಲಿ ಮರೆತರೆ ನೆನಪಿಸಲು ಗುಮಾಸ್ತರಿದ್ದಾರು, ಮನೆಯಲ್ಲಿ ಹೆಂಡತಿ ಇದ್ದಾಳು. ಮನೆಯಲ್ಲಿ ಎಲ್ಲರಿಗೂ ನೆನಪಿಸಬೇಕಾದವಳೇ ಮರೆತರೆ? ಹಾಲು ಉಕ್ಕಿದ್ದಕ್ಕೆ ಸಿಗುವ ಬಿರುದು "ಸಲೀಕಾ ಇಲ್ಲದವಳು" ಎಂಬುದು. ಇದನ್ನು ಹತ್ತಿಪ್ಪತ್ತು ವರ್ಷ ಕೇಳಿದವಳು ತಾನು ಕೆಟ್ಟ ಹೆಂಗಸೆಂದೇ ನಂಬಿಬಿಡುತ್ತಾಳೆ.

ಅದಕ್ಕೇ ಇಂತಹ ಮಹಿಳೆಯರು ವೈದ್ಯರ ಬಳಿ ಹೋಗುವುದು ಬಹುಪಾಲು ಮರೆವಿನ ದೂರು ಹೊತ್ತಲ್ಲ. ನಿದ್ದೆ ಬರುವುದಿಲ್ಲ, ಅಳು ಬರುತ್ತದೆ, ಎದೆ ಹೊಡೆದುಕೊಳ್ಳುತ್ತದೆ ಎಂದು ಹೋಗುತ್ತಾರೆ. ಖಿನ್ನತೆ, ಆತಂಕ ಎಂದು ಔಷಧಿ ಸಿಗುತ್ತದೆ. ಅದು ತಪ್ಪೇನಲ್ಲ, ಖಿನ್ನತೆ ನಿಜವಾಗಿಯೂ ಇರುತ್ತದೆ. ಆದರೆ ಅದರ ಅಡಿಯಲ್ಲಿರುವ ಮೂಲ ತೊಂದರೆ ಹಾಗೆಯೇ ಉಳಿಯುತ್ತದೆ. ಮಗನಿಗೆ ಎ.ಡಿ.ಎಚ್.ಡಿ. ಇದೆಯೆಂದು ವೈದ್ಯರು ಲಕ್ಷಣಗಳನ್ನು ವಿವರಿಸುವಾಗ, "ಇದು ನನ್ನ ಕಥೆಯೇ ಅಲ್ಲವೇ" ಎಂದು ಪಕ್ಕದಲ್ಲಿ ಕೂತ ತಾಯಿಗೆ ಮೊದಲ ಬಾರಿಗೆ ಅನ್ನಿಸುವುದು ಅಪರೂಪವೇನಲ್ಲ.

ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು

ಕೆಲವರಿಗೆ ಅನ್ನಿಸಬಹುದು, ಮರೆವು ಒಂದು ಕಾಯಿಲೆಯೇ, ಅದಕ್ಕೆ ಇಷ್ಟೊಂದು ಮಾತೇ ಎಂದು. ಅಮೆರಿಕದ ಬರ್ಕಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಟೀಫನ್ ಹಿನ್‌ಷಾ ಅವರ ತಂಡ 1990ರ ದಶಕದ ಕೊನೆಯಲ್ಲಿ ಈ ತೊಂದರೆ ಇದ್ದ 140 ಹುಡುಗಿಯರನ್ನೂ, ಇಲ್ಲದ 88 ಹುಡುಗಿಯರನ್ನೂ ಆರಿಸಿಕೊಂಡಿತು. ಎಲ್ಲರೂ 6ರಿಂದ 12 ವರ್ಷದವರು. ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಗಮನಿಸಿದರು. ಹತ್ತು ವರ್ಷಗಳ ನಂತರದ ವರದಿ 2012ರಲ್ಲಿ ಬಂತು. ಚಿಕ್ಕಂದಿನಲ್ಲಿ ಗಮನ ಕೊರತೆ, ಅತಿಚಟುವಟಿಕೆ ಎರಡೂ ಇದ್ದ ಹುಡುಗಿಯರಲ್ಲಿ ನೂರಕ್ಕೆ ಸುಮಾರು 22 ಮಂದಿ ಆತ್ಮಹತ್ಯೆಗೆ ಯತ್ನಿಸಿದ್ದರು. ತೊಂದರೆ ಇಲ್ಲದವರಲ್ಲಿ ಇದು ನೂರಕ್ಕೆ 6ರಷ್ಟಿತ್ತು. ಈ ಅಂಕಿಗಳು ಅಮೆರಿಕದವು ನಿಜ, ಆದರೆ ಹುಡುಗಿಯ ಮನಸ್ಸಿಗೆ ಆಗುವ ಗಾಯ ಎಲ್ಲ ಕಡೆಯೂ ಗಾಯವೇ.

ಬ್ರಿಟನ್ನಿನಲ್ಲಿ ಎ.ಡಿ.ಎಚ್.ಡಿ. ಇದೆಯೆಂದು ದಾಖಲಾದ 30,000ಕ್ಕೂ ಹೆಚ್ಚು ವಯಸ್ಕರ ದಾಖಲೆಗಳನ್ನು ನೋಡಿದ ಅಧ್ಯಯನ 2025ರಲ್ಲಿ ಪ್ರಕಟವಾಯಿತು. ಅವರ ಆಯುಷ್ಯದ ಅಂದಾಜು ಇತರರಿಗಿಂತ ಕಡಿಮೆ ಇತ್ತು: ಪುರುಷರಲ್ಲಿ ಸುಮಾರು ಏಳು ವರ್ಷ, ಮಹಿಳೆಯರಲ್ಲಿ ಸುಮಾರು ಎಂಟೂವರೆ ವರ್ಷ. ಈ ತೊಂದರೆಯೇ ಪ್ರಾಣ ತೆಗೆಯುತ್ತದೆ ಎಂದು ಇದರ ಅರ್ಥವಲ್ಲ. ಸರಿಯಾದ ನೆರವು ಸಿಗದಿರುವುದು, ಧೂಮಪಾನದಂತಹ ಅಭ್ಯಾಸಗಳು, ಇತರ ಮಾನಸಿಕ ಹಾಗೂ ದೈಹಿಕ ಕಾಯಿಲೆಗಳು ಇದರ ಹಿಂದೆ ಇರಬಹುದೆಂದು ಸಂಶೋಧಕರು ಹೇಳಿದ್ದಾರೆ. ಇವುಗಳಲ್ಲಿ ಹೆಚ್ಚಿನವು ನಾವು ತಡೆಯಬಹುದಾದಂಥವು.

ಎಲ್ಲ ಮರೆವೂ ಎ.ಡಿ.ಎಚ್.ಡಿ. ಅಲ್ಲ

ಇನ್ನೊಂದು ತುದಿಗೂ ಹೋಗುವುದು ಬೇಡ. ಇಂದು ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೋ ನೋಡಿ "ನನಗೂ ಎ.ಡಿ.ಎಚ್.ಡಿ. ಇದೆ" ಎಂದು ಹೇಳುವ ವಿದ್ಯಾರ್ಥಿನಿಯರಿದ್ದಾರೆ. ಪರೀಕ್ಷೆಯ ಹಿಂದಿನ ದಿನ ಗಮನ ನಿಲ್ಲದಿದ್ದರೆ ಅದು ತೊಂದರೆಯಲ್ಲ. ಬಾಲ್ಯದಿಂದಲೂ ಇರಬೇಕು, ಮನೆ ಮತ್ತು ಶಾಲೆ ಎರಡೂ ಕಡೆ ಕಾಣಬೇಕು, ಕನಿಷ್ಠ ಆರು ತಿಂಗಳು ಮುಂದುವರಿದಿರಬೇಕು, ಬದುಕಿಗೆ ನಿಜವಾಗಿ ಅಡ್ಡಿಯಾಗಿರಬೇಕು. ಹೆಣ್ಣುಮಕ್ಕಳಲ್ಲಿ ರಕ್ತಹೀನತೆ, ಥೈರಾಯ್ಡ್ ತೊಂದರೆ, ನಿದ್ದೆಯ ಕೊರತೆ, ಕಣ್ಣು ಅಥವಾ ಕಿವಿಯ ದೋಷ, ಮನೆಯಲ್ಲಿನ ಭಯ ಅಥವಾ ದುಃಖ, ಇವುಗಳಿಂದಲೂ ಗಮನ ಹೋಗುತ್ತದೆ. ಮೊದಲು ಇವನ್ನು ನೋಡಬೇಕು.

ಈ ತೊಂದರೆಯನ್ನು ತೋರಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಮನೋವೈದ್ಯರು ಅಥವಾ ಮಕ್ಕಳ ಮನಃಶಾಸ್ತ್ರಜ್ಞರು ಮಗುವಿನೊಂದಿಗೆ, ಪೋಷಕರೊಂದಿಗೆ ಮಾತನಾಡಿ, ಶಾಲೆಯ ವರದಿ ನೋಡಿ ನಿರ್ಧರಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯಕೀಯ ವಿಭಾಗವೇ ಇದೆ. ಅಷ್ಟು ದೂರ ಹೋಗಲಾಗದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬದುಕು ಬೇಡ ಎಂಬ ಯೋಚನೆ ಬರುತ್ತಿರುವ ಯಾವುದೇ ಹುಡುಗಿ ಇಲ್ಲಿ ಕೂತಿದ್ದರೆ, ಮಗಳೇ, ಆ ಸಂಖ್ಯೆಗೆ ಇಂದೇ ಕರೆ ಮಾಡು. ಇಲ್ಲವೇ ನಿನಗೆ ನಂಬಿಕೆಯಿರುವ ಒಬ್ಬ ಹಿರಿಯರಿಗೆ ಇಂದೇ ಹೇಳು.

ಚಿಕಿತ್ಸೆಯಲ್ಲಿ ವರ್ತನೆಯ ತರಬೇತಿ, ಪೋಷಕರಿಗೆ ಮಾರ್ಗದರ್ಶನ, ಅಗತ್ಯವಿದ್ದರೆ ಔಷಧಿ ಸೇರಿವೆ. ಮೀಥೈಲ್‌ಫೆನಿಡೇಟ್, ಅಟೊಮಾಕ್ಸೆಟಿನ್ ಎಂಬ ಔಷಧಿಗಳು ನಮ್ಮ ದೇಶದಲ್ಲೂ ಬಳಕೆಯಲ್ಲಿವೆ. ವೈದ್ಯರ ಚೀಟಿಯಿಲ್ಲದೆ ತೆಗೆದುಕೊಳ್ಳಬಾರದು. ಹಸಿವು, ನಿದ್ದೆ ಕಡಿಮೆಯಾಗುವಂತಹ ಅಡ್ಡಪರಿಣಾಮಗಳಿರಬಹುದು. ಗರ್ಭಿಣಿಯರೂ ಮಗುವಿಗೆ ಹಾಲುಣಿಸುವವರೂ ಅದನ್ನು ವೈದ್ಯರಿಗೆ ಹೇಳಲೇಬೇಕು. ರಂಜಾನ್ ತಿಂಗಳಲ್ಲಿ ಊಟ, ನಿದ್ದೆಯ ಹೊತ್ತು ಬದಲಾಗುವುದರಿಂದ ಔಷಧಿಯ ಹೊತ್ತನ್ನೂ ಹೊಂದಿಸಬೇಕಾಗಬಹುದು. ತಾವಾಗಿಯೇ ನಿಲ್ಲಿಸದೆ, ತಿಂಗಳು ಶುರುವಾಗುವ ಮೊದಲೇ ವೈದ್ಯರನ್ನು ಕೇಳಿ.

ನಾವು ಏನು ಮಾಡಬಹುದು?

ಶಿಕ್ಷಕ ಬಂಧುಗಳೇ, ತರಗತಿಯಲ್ಲಿ ಗಲಾಟೆ ಮಾಡುವವರ ಪಟ್ಟಿ ನಮ್ಮ ಬಳಿ ಸದಾ ಇರುತ್ತದೆ. ಅದರ ಜೊತೆಗೆ ಇನ್ನೊಂದು ಪಟ್ಟಿ ಮಾಡೋಣ: ಹೇಳಿದರೆ ಗೊತ್ತು, ಬರೆದರೆ ತಪ್ಪು ಎಂಬ ಮಕ್ಕಳ ಪಟ್ಟಿ. ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸೋಣ. ನಾಲ್ಕು ಸೂಚನೆಗಳನ್ನು ಒಮ್ಮೆಗೇ ಹೇಳದೆ ಒಂದೊಂದಾಗಿ ಹೇಳೋಣ. ಹೋಂವರ್ಕನ್ನು ಬಾಯಲ್ಲಿ ಹೇಳಿ ಬಿಡದೆ ಹಲಗೆಯ ಮೇಲೆ ಬರೆಯೋಣ. ಪುಸ್ತಕ ಹಂಚುವ, ಹಲಗೆ ಒರೆಸುವ ಕೆಲಸ ಕೊಟ್ಟು ಎದ್ದು ಓಡಾಡಲು ಅವಕಾಶ ಮಾಡಿಕೊಡೋಣ.

ತಂದೆ ತಾಯಂದಿರೇ, ಅಣ್ಣನಿಗೊಂದು ಅಳತೆ, ತಂಗಿಗೊಂದು ಅಳತೆ ಬೇಡ. ಮಗಳು ಓದಲು ಕೂತಾಗ ಮಧ್ಯದಲ್ಲಿ "ನೀರು ತಾ, ಬಾಗಿಲು ನೋಡು, ತಮ್ಮನನ್ನು ಎತ್ತಿಕೋ" ಎಂದು ಮೂರು ಸಲ ಎಬ್ಬಿಸಿದರೆ, ಕಷ್ಟಪಟ್ಟು ಒಂದು ಕಡೆ ತಂದ ಮನಸ್ಸು ಮತ್ತೆ ಚದುರುತ್ತದೆ. ದಿನಕ್ಕೆ ಒಂದು ಗಂಟೆ ಯಾರೂ ಕರೆಯದ ಗಂಟೆಯೆಂದು ಅವಳಿಗೆ ಕೊಡಿ. ಮನೋವೈದ್ಯರ ಬಳಿ ಕರೆದೊಯ್ದರೆ ನಾಳೆ ಸಂಬಂಧ ಕೂಡಿಬರುವುದಿಲ್ಲ ಎಂಬ ಹೆದರಿಕೆ ನಿಮಗಿದೆಯೆಂದು ನನಗೆ ಗೊತ್ತು. ಗುರುತಿಸದೆ ಬಿಟ್ಟ ತೊಂದರೆ ಮದುವೆಯ ನಂತರ ಇನ್ನೂ ಹೆಚ್ಚಿನ ನೋವಾಗಿ ಬರುತ್ತದೆ ಎಂಬುದನ್ನೂ ಆ ಹೆದರಿಕೆಯ ಪಕ್ಕದಲ್ಲಿಟ್ಟು ತೂಗಿ ನೋಡಿ.

ವಿದ್ಯಾರ್ಥಿನಿಯರೇ, ನಿಮಗೆ ಈ ತೊಂದರೆ ಇರಲಿ ಇಲ್ಲದಿರಲಿ, ಕೆಲವು ಉಪಾಯಗಳು ನೆರವಾಗುತ್ತವೆ. ದೊಡ್ಡ ಪಾಠವನ್ನು ಹದಿನೈದು ನಿಮಿಷದ ತುಂಡುಗಳಾಗಿ ಮಾಡಿಕೊಳ್ಳಿ. ಮುಂದೆ ಗಡಿಯಾರ ಇಟ್ಟುಕೊಳ್ಳಿ. ನೆನಪನ್ನು ನಂಬಬೇಡಿ, ಚೀಟಿಯನ್ನು ನಂಬಿ. ಚೀಲವನ್ನು ರಾತ್ರಿಯೇ ಸಿದ್ಧಮಾಡಿ ಬಾಗಿಲ ಬಳಿ ಇಡಿ. ಒಬ್ಬಳೇ ಕೂತರೆ ಮನಸ್ಸು ಓಡುವುದಾದರೆ ಅಕ್ಕನ ಅಥವಾ ಗೆಳತಿಯ ಪಕ್ಕದಲ್ಲಿ ಕೂತು ಓದಿ. ಉರ್ದು ಬರೆದಾದ ಮೇಲೆ ನುಕ್ತೆಗಾಗಿಯೇ ಒಮ್ಮೆ, ಕನ್ನಡ ಬರೆದಾದ ಮೇಲೆ ಒತ್ತಕ್ಷರಕ್ಕಾಗಿಯೇ ಒಮ್ಮೆ ಓದಿ ನೋಡಿ. ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ನಾಚಿಕೆಪಡದೆ ನಿಮ್ಮ ಶಿಕ್ಷಕಿಗೆ ಹೇಳಿ.

ಕೊನೆಯದಾಗಿ ಸಂಘದ ಹಿರಿಯರಲ್ಲಿ ಮೂರು ವಿನಂತಿಗಳು. ಮೊದಲನೆಯದು, ವರ್ಷಕ್ಕೊಮ್ಮೆ ನಡೆಸುವ ಕಣ್ಣು, ರಕ್ತ ತಪಾಸಣೆಯ ಶಿಬಿರಗಳಲ್ಲಿ ಒಬ್ಬ ಮನೋವೈದ್ಯರನ್ನೂ ಕರೆಸಿ. ಎರಡನೆಯದು, 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದೆ, ಎ.ಡಿ.ಎಚ್.ಡಿ. ಪ್ರತ್ಯೇಕವಾಗಿ ಸೇರಿಲ್ಲ. ಎರಡೂ ಇರುವ ಮಕ್ಕಳು ಕಲಿಕಾ ನ್ಯೂನತೆಯ ಪ್ರಮಾಣಪತ್ರ ಪಡೆದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂತಹ ಸೌಲಭ್ಯ ಸಿಗುತ್ತದೆ. ಇದು ಎಷ್ಟೋ ಪೋಷಕರಿಗೆ ತಿಳಿದಿಲ್ಲ, ಸಂಘ ತಿಳಿಸಿಕೊಡಲಿ. ಮೂರನೆಯದು, ವಿದ್ಯಾರ್ಥಿವೇತನದ ಅರ್ಜಿಗಳನ್ನು ನೋಡುವಾಗ, ಏಳನೇ ತರಗತಿಯವರೆಗೆ ಒಳ್ಳೆಯ ಅಂಕ ಪಡೆದು ನಂತರ ಇಳಿದ ಹುಡುಗಿಯ ಅರ್ಜಿಯನ್ನು ಬದಿಗಿಡಬೇಡಿ. ಒಮ್ಮೆ ಕರೆಸಿ, ಕೂರಿಸಿ, ಯಾಕೆ ಹೀಗಾಯಿತು ಎಂದು ಕೇಳಿ.

ಆ ಹುಡುಗಿಗೆ ತನ್ನ ಕಷ್ಟಕ್ಕೆ ಒಂದು ಹೆಸರಿದೆ ಎಂಬುದೇ ಗೊತ್ತಿರುವುದಿಲ್ಲ. ಎಲ್ಲರೂ ಹೇಳಿದ್ದನ್ನೇ ಅವಳೂ ನಂಬಿರುತ್ತಾಳೆ. "ನೀನು ಸೋಮಾರಿಯಲ್ಲ, ನಿನಗೊಂದು ತೊಂದರೆ ಇರಬಹುದು, ಅದಕ್ಕೆ ದಾರಿಯೂ ಇದೆ" ಎಂದು ಒಬ್ಬರಾದರೂ ಹೇಳಿದರೆ ಅವಳು ಮುಂದಿನ ವರ್ಷವೂ ಶಾಲೆಯಲ್ಲಿರುತ್ತಾಳೆ. ಆ ಒಬ್ಬರು ನೀವಾಗಿ ಎಂದು ಕೇಳಿಕೊಳ್ಳುತ್ತೇನೆ.